ತಡವಾದ ದಿನಗಳ ಲೆಕ್ಕ

ನಮ್ಮ ಶಾಲೆಯ ಗಣಿತದ ಮೇಡಂ ಮನೆ ಕಟ್ಟಿಸಲು ಹೊರಟಿದ್ದಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ, "ನೀವು ಮೇಸ್ತ್ರಿ ಹತ್ತಿರ ಬರೆಸಿಕೊಂಡ ಕರಾರು ಇದೆಯಲ್ಲ, ಅದರದ್ದೊಂದು ಜೆರಾಕ್ಸ್ ಕೊಡಿ. ತಡವಾದರೆ ದಿನಕ್ಕಿಷ್ಟು ದಂಡ ಅಂತ ಗಟ್ಟಿಯಾಗಿ ಬರೆಸಿದ್ದಿರಂತೆ" ಎಂದರು. ಆಗಲಿ ಎಂದೆ. ಮನೆಗೆ ಬಂದು ಬೀರು ತೆಗೆದು ಆ ಕಾಗದವನ್ನು ಹುಡುಕಿದ್ದೂ ಆಯಿತು. ಆದರೆ ಅದನ್ನು ಹಾಗೆಯೇ ಕೊಡಲು ಮನಸ್ಸು ಒಪ್ಪಲಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2018ರ ಜನವರಿಯಲ್ಲಿ ಸಾಗರದಲ್ಲಿ ನಮ್ಮ ಮನೆಗೆ ಪಾಯ ತೆಗೆಸಿದೆವು. ಮೇಸ್ತ್ರಿಗಳ ಮಾತೆಂದರೆ ನೀರಿನ ಮೇಲಿನ ಬರಹ ಎಂದು ಎಲ್ಲರೂ ಹೆದರಿಸಿದ್ದರು. ಹಾಗಾಗಿ ಕರಾರನ್ನು ನಾನೇ ಕೂತು ಬರೆದೆ. ಸಾಮಾನು, ಕೂಲಿ ಎಲ್ಲ ಸೇರಿ 18 ಲಕ್ಷ. ಏಪ್ರಿಲ್ ಕೊನೆಗೆ ತಾರಸಿ, ಆಗಸ್ಟ್ 31ಕ್ಕೆ ಪೂರ್ತಿ ಮನೆ. ಆಮೇಲಿನ ಪ್ರತಿ ದಿನಕ್ಕೆ 500 ರೂಪಾಯಿ ಮುರಿದುಕೊಳ್ಳತಕ್ಕದ್ದು. ಸಹಿ ಹಾಕುವ ಮುಂಚೆ ಮೇಸ್ತ್ರಿ ಕೇಳಿದ್ದು ಒಂದೇ ಮಾತು. "ಮಳೆ ಹಿಡ್ಕೊಂಡ್ರೆ ಏನು ಮಾಡೋದು ಟೀಚರಮ್ಮಾ?"

"ಮಳೆಗಾಲ ಪ್ರತಿ ವರ್ಷವೂ ಬರುತ್ತಲ್ಲ ಮೇಸ್ತ್ರಿ, ಅದನ್ನೂ ಲೆಕ್ಕ ಹಾಕಿಕೊಂಡೇ ಒಪ್ಪಿಕೊಳ್ಳಿ" ಎಂದೆ. ಜಾಣತನದ ಉತ್ತರ ಕೊಟ್ಟೆನೆಂದು ಆಗ ಹೆಮ್ಮೆಯೂ ಆಗಿತ್ತು.

ಏಪ್ರಿಲ್ ಕೊನೆಗೆ ಆಗಬೇಕಿದ್ದ ತಾರಸಿ ಆದದ್ದು ಮೇ ಮಧ್ಯದಲ್ಲಿ. ಶ್ರಾವಣದಲ್ಲಿ ಗೃಹಪ್ರವೇಶ ಮಾಡುವ ಆಸೆ ನನ್ನದು. ತಾರಸಿ ಹಾಕಿ ಎಂಟು ದಿನವಾಗಿತ್ತಷ್ಟೆ, ಕೆಳಗೆ ಕೊಟ್ಟ ಕಂಬಗಳನ್ನು ಬಿಚ್ಚಿ ಒಳಗಿನ ಗಿಲಾವು ಶುರು ಮಾಡಿ ಎಂದು ಒತ್ತಾಯಿಸಿದೆ. ಮೇಸ್ತ್ರಿ ಜಗ್ಗಲಿಲ್ಲ. "ಸಿಮೆಂಟಿಗೆ ನಿಮ್ಮ ಮುಹೂರ್ತ ಗೊತ್ತಾಗಲ್ಲ ಟೀಚರಮ್ಮಾ. ಇಪ್ಪತ್ತೊಂದು ದಿನ ಕಂಬ ಮುಟ್ಟಲ್ಲ. ದಂಡ ಬಿದ್ರೆ ಬೀಳಲಿ" ಎಂದರು. ನನಗೆ ಸಿಟ್ಟು ಬಂತು. ಕಾಂಕ್ರೀಟಿನ ಕೆಲಸಕ್ಕೆಂದೇ 2000ದಲ್ಲಿ ಪರಿಷ್ಕರಿಸಿದ ಐಎಸ್ 456 ಎಂಬ ಮಾನಕ ಸಂಹಿತೆ ಇದೆಯೆಂದೂ, ತಾರಸಿಯ ಅಗಲ, ತೊಲೆಯ ಉದ್ದ ನೋಡಿ 7ರಿಂದ 21 ದಿನ ಕಂಬ ತೆಗೆಯಬಾರದೆಂದು ಅದು ಹೇಳುತ್ತದೆಂದೂ ನನಗೆ ಗೊತ್ತಾದದ್ದು ಬಹಳ ತಡವಾಗಿ. ನನ್ನ ತಲೆಯ ಮೇಲಿನ ಸೂರನ್ನು ನನ್ನ ಅವಸರದಿಂದ ಕಾಪಾಡಿದವರು ಆ ಮೇಸ್ತ್ರಿ.

ಮನೆ ಮುಗಿದದ್ದು ನವೆಂಬರ್ 6ಕ್ಕೆ. 67 ದಿನ ತಡ. ಕೊನೆಯ ಕಂತಿನಲ್ಲಿ 33,500 ರೂಪಾಯಿ ಮುರಿದುಕೊಂಡೆ. ಮೇಸ್ತ್ರಿ ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬರ್ದಿದೆಯಲ್ಲ, ಆಯ್ತು ಬಿಡಿ" ಎಂದು ಹೊರಟುಹೋದರು. ಮಾತೆಂದರೆ ಮಾತು. ಮೂವತ್ತು ವರ್ಷಗಳ ಹತ್ತಿರ ಹತ್ತಿರ ಮಕ್ಕಳಿಗೆ ಪುಣ್ಯಕೋಟಿಯ ಕತೆ ಹೇಳಿದವಳು ನಾನು. ನನಗೆ ಅಳುಕೇನೂ ಆಗಲಿಲ್ಲ.

ಮರುವರ್ಷ ಬೇಸಿಗೆ ರಜೆಗೆ ನಮ್ಮಣ್ಣನ ಮಗ ಬಂದ. ಸೇತುವೆ ಕಟ್ಟುವ ಕಂಪೆನಿಯೊಂದರಲ್ಲಿ ಎಂಜಿನಿಯರ್. ನನ್ನ ಕರಾರನ್ನು ಓದಿ ನಕ್ಕುಬಿಟ್ಟ. "ಅತ್ತೆ, ಇದರಲ್ಲಿ ತಾರೀಕಿದೆ, ವೇಳಾಪಟ್ಟಿ ಇಲ್ಲ" ಎಂದ. ದೊಡ್ಡ ಕಾಮಗಾರಿಗಳ ಕರಾರಿನಲ್ಲಿ ಯಾವ ಕೆಲಸ ಯಾವುದರ ನಂತರ, ಪ್ರತಿಯೊಂದಕ್ಕೂ ಎಷ್ಟು ದಿನ ಎಂದು ಮೊದಲೇ ಪಟ್ಟಿ ಒಪ್ಪಿಸಬೇಕಂತೆ. ಅದರಲ್ಲಿ ಕೆಲವು ಕೆಲಸ ನಾಲ್ಕು ದಿನ ಹಿಂದೆ ಬಿದ್ದರೂ ನಡೆಯುತ್ತದೆ. ಕಿಟಕಿಗೆ ಬಣ್ಣ ಬಳಿಯುವುದು ಅಂಥದ್ದು. ಇನ್ನು ಕೆಲವು ಸರಪಳಿಯ ಹಾಗೆ. ಗೋಡೆ ಏಳದೆ ತಾರಸಿ ಇಲ್ಲ, ತಾರಸಿ ಇಲ್ಲದೆ ಗಿಲಾವು ಇಲ್ಲ. ಒಂದು ಕೊಂಡಿ ತಡವಾದರೆ ಇಡೀ ಮನೆ ತಡ. ಸರ್ಕಾರಿ ಕಾಮಗಾರಿಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಎಂದು ಒಂದು ಪುಸ್ತಕವನ್ನೇ ಇಡುತ್ತಾರೆ. ಯಾವ ದಿನ, ಯಾವ ಕಾರಣಕ್ಕೆ, ಯಾರಿಂದ ಕೆಲಸ ನಿಂತಿತು ಎಂಬುದನ್ನು ಅಂದಂದೇ ಬರೆದಿಡುವ ಪುಸ್ತಕ ಅದು.

"ನಿಮ್ಮದರಲ್ಲಿ ಅದ್ಯಾವುದೂ ಇಲ್ಲ. ಯಾರಿಂದ ತಡವಾದರೂ ದಂಡ ಮೇಸ್ತ್ರಿಗೇ" ಎಂದ.

ಆ ಮಾತು ಚುಚ್ಚಿತು. ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಅಂದು ರಾತ್ರಿ ಹಿಂದಿನ ವರ್ಷದ್ದನ್ನು ತೆಗೆದು ಕೂತೆ. ಮಾರ್ಚಿನಲ್ಲಿ ಯಾರೋ ವಾಸ್ತು ಹೇಳಿದರೆಂದು ಎದ್ದ ಅಡುಗೆಮನೆ ಗೋಡೆಯನ್ನು ಒಡೆಸಿ ಪಕ್ಕಕ್ಕೆ ಕಟ್ಟಿಸಿದ್ದೆ. 12 ದಿನ. ಸಾಲದ ಕಂತು ಕೈಗೆ ಬರಲಿಲ್ಲವೆಂದು ಎರಡು ಬಾರಿ ಹಣ ತಡವಾಗಿ ಕೊಟ್ಟಿದ್ದೆ. ಅದು 16 ದಿನ. ಜುಲೈ 20ರಿಂದ ದೇಶದಾದ್ಯಂತ ಲಾರಿ ಮುಷ್ಕರ. 8 ದಿನ ಜಲ್ಲಿಯಿಲ್ಲ, ಮರಳಿಲ್ಲ. ಆಗಸ್ಟಿನ ಜಡಿಮಳೆಗೆ 11 ದಿನ. ಉಳಿದ 20 ದಿನ ಮಾತ್ರ ಮೇಸ್ತ್ರಿಯದು. ನಮಗೊಂದು ಮಾತೂ ಹೇಳದೆ ಆಳುಗಳನ್ನು ಕರೆದುಕೊಂಡು ಬೇರೊಂದು ಮನೆಯ ಕೆಲಸಕ್ಕೆ ಹೋಗಿದ್ದರು.

ಮಳೆಯ 11 ದಿನವನ್ನು ದೇವರ ಖಾತೆಗೆ ಬರೆಯಲು ಹೊರಟಿದ್ದೆ. ಅದಕ್ಕೂ ಅಡ್ಡಿ ಬಂತು. ಅಡುಗೆಮನೆಯ ಗೋಡೆ ಒಡೆಸದಿದ್ದರೆ, ಹಣ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಹೊರಗಿನ ಗಿಲಾವು ಆ ಜಡಿಮಳೆಗೆ ಮುಂಚೆಯೇ ಮುಗಿಯುತ್ತಿತ್ತು. ಮಳೆ ದೇವರದು, ನಿಜ. ಆದರೆ ಗೋಡೆಯನ್ನು ಮಳೆಗೆ ಒಡ್ಡಿದವಳು ನಾನು.

ಗೆಳತಿಯರೇ, ನೀವು ಹೇಳಬಹುದು, ಸಹಿ ಹಾಕಿದ ಮೇಲೆ ಮುಗಿಯಿತಲ್ಲ, ಅವರೇನು ಮಗುವೇ ಎಂದು. ನಾನೂ ಹಾಗೆಯೇ ವಾದಿಸಿದೆ. ಗಡುವೇ ಇಲ್ಲದಿದ್ದರೆ ನಮ್ಮೂರಲ್ಲಿ ಯಾವ ಮನೆಯೂ ಮುಗಿಯುವುದಿಲ್ಲ ಎಂಬುದೂ ಸುಳ್ಳಲ್ಲ. ಎರಡು ತಿಂಗಳು ಬಾಡಿಗೆಗೆಂದೇ 13 ಸಾವಿರ ನಾನೂ ಕಳೆದುಕೊಂಡಿದ್ದೆ. ಆಗ ನಮ್ಮಣ್ಣನ ಮಗ 1872ರ ಕರಾರು ಕಾಯಿದೆಯ 67ನೇ ಕಲಮನ್ನು ತೋರಿಸಿದ. ಮಾತು ಕೊಟ್ಟವನಿಗೆ ಅದನ್ನು ನಡೆಸಲು ಬೇಕಾದ ಅನುಕೂಲವನ್ನು ಮಾತು ಪಡೆದವನೇ ಮಾಡಿಕೊಡದಿದ್ದರೆ, ಅದರಿಂದಾದ ಲೋಪಕ್ಕೆ ಮಾತು ಕೊಟ್ಟವನು ಹೊಣೆಯಲ್ಲ ಎನ್ನುತ್ತದೆ ಅದು. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಮನೆಯದ್ದೇ. ರಿಪೇರಿಗೆ ಕರೆಸಿದ ಮಾಲೀಕ, ಎಲ್ಲೆಲ್ಲಿ ರಿಪೇರಿ ಬೇಕೆಂದು ತೋರಿಸದಿದ್ದರೆ ಕೆಲಸದವನ ಮೇಲೆ ತಪ್ಪಿಲ್ಲ. ಬಿಲ್ಡರುಗಳಿಂದ ಫ್ಲಾಟ್ ಕೊಳ್ಳುವವರಿಗಾಗಿ 2016ರಲ್ಲಿ ಬಂದ ರೇರಾ ಕಾಯಿದೆಯಲ್ಲೂ, ಕೊಳ್ಳುವವರು ಹಣ ತಡಮಾಡಿದರೆ ಎಷ್ಟು ದರದ ಬಡ್ಡಿಯೋ, ಬಿಲ್ಡರ್ ತಡಮಾಡಿದರೂ ಅಷ್ಟೇ ದರದ ಬಡ್ಡಿ. ಬಿಲ್ಡರುಗಳು ಏಕಪಕ್ಷೀಯವಾಗಿ ಬರೆಸಿಕೊಳ್ಳುತ್ತಾರೆಂದು ನಾವೆಲ್ಲ ದೂರುತ್ತಿದ್ದೆವಲ್ಲ, ಪುಟ್ಟ ಪ್ರಮಾಣದಲ್ಲಿ ನಾನು ಮಾಡಿದ್ದೂ ಅದನ್ನೇ. ಪೆನ್ನು ಕೈಯಲ್ಲಿದ್ದವಳು ನಾನು. ಕೆಲಸ ಬೇಕಾಗಿದ್ದವರು ಅವರು.

ಪುಣ್ಯಕೋಟಿಯ ಕತೆಯೂ ಅಂದು ರಾತ್ರಿ ಬೇರೆಯಾಗಿ ಕಂಡಿತು. ಹಸು ಹೋಗಿಬರುತ್ತೇನೆಂದು ಮಾತು ಕೊಟ್ಟಾಗ, ಅಷ್ಟು ಹೊತ್ತು ಕಾಯುವುದಕ್ಕೆ ಹುಲಿಯೂ ಒಪ್ಪಿತ್ತು. ಹುಲಿ ದಾರಿ ಬಿಟ್ಟದ್ದರಿಂದಲೇ ಹಸು ತನ್ನ ಮಾತು ಉಳಿಸಿಕೊಂಡಿತು. ಇಷ್ಟು ವರ್ಷ ತರಗತಿಯಲ್ಲಿ ನಾನು ಹಸುವಿನ ಮಾತನ್ನಷ್ಟೇ ಹೇಳಿದ್ದೆ. ಇನ್ನೊಬ್ಬರಿಗೆ ಗಡುವು ಹಾಕಿದವರು ತಾವೂ ಆ ಗಡುವಿನ ಒಳಗೇ ಇರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

20 ದಿನಕ್ಕೆ 10,000 ಇಟ್ಟುಕೊಂಡು, ಉಳಿದ 23,500 ತೆಗೆದುಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಮುಷ್ಕರದ ದಿನಗಳು ಇಬ್ಬರ ತಪ್ಪೂ ಅಲ್ಲ, ಅದಕ್ಕೂ ದಂಡ ಬೇಡವೆನಿಸಿತ್ತು. ಅವರ ಹೆಂಡತಿ ಕಾಫಿ ಕೊಟ್ಟರು. ನಾನು ದಿನಗಳ ಲೆಕ್ಕ ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಆ ಇಪ್ಪತ್ತು ದಿನ ನಂದೇ ತಪ್ಪು ಬಿಡಿ" ಎಂದರು. ಆಮೇಲೆ ಮೆಲ್ಲಗೆ, "ಆವಾಗ ಕೊನೇ ವಾರದ ಬಟವಾಡೆ ಹೆಂಗಸರಿಗೆ ಅರ್ಧ ಮಾತ್ರ ಕೊಟ್ಟೆ ಟೀಚರಮ್ಮಾ. ಇಬ್ರು ಇಲ್ಲೇ ಇದಾರೆ, ಕೊಡ್ತೀನಿ. ಇನ್ನಿಬ್ರು ರಾಯಚೂರು ಕಡೆಯೋರು. ಎಲ್ಲಿ ಹೋದ್ರೋ ಗೊತ್ತಿಲ್ಲ" ಎಂದರು.

ದಂಡವೆಂಬುದು ಬರೆದ ಕಡೆ ನಿಲ್ಲುವುದಿಲ್ಲ. ಮೇಲಿನವರು ಕೆಳಗಿನವರಿಗೆ ದಾಟಿಸುತ್ತಾ ಹೋಗಿ, ಯಾರಿಗೆ ಇನ್ನು ದಾಟಿಸಲು ಯಾರೂ ಇಲ್ಲವೋ ಅವರ ತಲೆಯ ಮೇಲೆ ಕೂರುತ್ತದೆ. ಬಾಂಡಲಿ ಹೊತ್ತು ನನ್ನ ತಾರಸಿಗೆ ಕಾಂಕ್ರೀಟು ಸುರಿದ ಆ ಇಬ್ಬರ ಹೆಸರನ್ನೂ ನಾನು ಒಮ್ಮೆಯೂ ಕೇಳಿರಲಿಲ್ಲ. ಅವರ ಪಾಲಿನ ಹಣ ಸಿಕ್ಕಿದರೆ ಕೊಡಿ ಎಂದು ಮೇಸ್ತ್ರಿಯ ಹತ್ತಿರವೇ ಬಿಟ್ಟು ಬಂದೆ. ಅದು ಅವರನ್ನು ತಲುಪಿತೆಂದು ಇವತ್ತಿನವರೆಗೂ ಕೇಳಿಲ್ಲ.

ಗಣಿತದ ಮೇಡಂಗೆ ಕರಾರನ್ನು ನಾಳೆ ಕೊಡುತ್ತೇನೆ. ದಂಡದ ಸಾಲನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಮೂರು ಸಾಲು ಸೇರಿಸಿದ್ದೇನೆ. ಮಾಲೀಕರಿಂದಾದ ತಡವನ್ನು ಲೆಕ್ಕದಿಂದ ಕಳೆಯತಕ್ಕದ್ದು. ಕೆಲಸ ನಿಂತ ದಿನ, ಕಾರಣ ಸಹಿತ ಇಬ್ಬರೂ ಒಂದೇ ಪುಸ್ತಕದಲ್ಲಿ ಬರೆದು ಸಹಿ ಹಾಕತಕ್ಕದ್ದು. ಆಳುಗಳ ಬಟವಾಡೆಯಿಂದ ದಂಡ ಹಿಡಿಯತಕ್ಕದ್ದಲ್ಲ.

ಮೇಡಂ ಓದಿ, "ಇಷ್ಟೆಲ್ಲ ಬರೆದರೆ ನಮ್ಮ ಕೈಯೇ ಕಟ್ಟಿಹಾಕಿದ ಹಾಗಾಗುತ್ತಲ್ಲ!" ಎನ್ನಬಹುದು. ಹೌದು, ಅದಕ್ಕೇ ಬರೆದದ್ದು ಎನ್ನುತ್ತೇನೆ.