ಮನೆ ಯಾರ ಹೆಸರಿನಲ್ಲಿರಬೇಕು?

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಬದಿಯ ತೋಡೂರಿನಲ್ಲಿ ಸೀಬರ್ಡ್ ನಿರಾಶ್ರಿತರ ಕಾಲನಿಯಿದೆ. 1986ರಲ್ಲಿ ಶಿಲಾನ್ಯಾಸಗೊಂಡು 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರು ಪಡೆದ ನೌಕಾನೆಲೆಗಾಗಿ ಊರು ಬಿಟ್ಟವರು ಇಂತಹ ಕಾಲನಿಗಳಲ್ಲಿ ಮತ್ತೊಮ್ಮೆ ಮನೆ ಕಟ್ಟಿಕೊಳ್ಳಬೇಕಾಯಿತು. ಅಜ್ಜ, ಮಕ್ಕಳು, ಮೊಮ್ಮಕ್ಕಳು ಒಂದೇ ಸೂರಿನಡಿ ಬದುಕುವಾಗ ಮನೆ ಯಾರದೆಂದು ಯಾರೂ ಕೇಳುವುದಿಲ್ಲ. ಭೂಸ್ವಾಧೀನದ ನೋಟಿಸು ಮಾತ್ರ ಕೇಳುತ್ತದೆ. ಪರಿಹಾರ ಹುಡುಕುವುದು ಪಹಣಿಯಲ್ಲಿರುವ ಹೆಸರನ್ನು. ಅದೇ ಗದ್ದೆಯಲ್ಲಿ ನಾಟಿ ಮಾಡಿದ ಸೊಸೆಯ ಹೆಸರು ಅಲ್ಲಿರುವುದು ಅಪರೂಪ.

ಈಗ ಯಾರೂ ಒಕ್ಕಲೆಬ್ಬಿಸದಿದ್ದರೂ ಅದೇ ತಪ್ಪನ್ನು ನಾವಾಗಿಯೇ ಮಾಡುತ್ತಿದ್ದೇವೆ. ಮೂರು ತಲೆಮಾರು ಸೇರಿ ಒಂದು ಮನೆ ಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ತಂದೆ ಹಳೆಯ ಜಾಗ ಮಾರಿದ ಹಣ ತರುತ್ತಾರೆ. ತಾಯಿ ಬಳೆ ಬಿಚ್ಚಿಕೊಡುತ್ತಾರೆ. ಸೊಸೆಯ ಮಹರಿನ ಚಿನ್ನವೂ ಸೇರುತ್ತದೆ. ಉಳಿದದ್ದು ಮಗನ ಸಾಲ. ವಯಸ್ಸಾದವರಿಗೆ ದೀರ್ಘಾವಧಿಯ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ. ಹಾಗಾಗಿ ಸಾಲ ಮಗನ ಹೆಸರಿಗೆ, ಅದರ ಹಿಂದೆಯೇ ಮನೆಯೂ ಮಗನ ಹೆಸರಿಗೆ. "ನಮ್ಮ ನಮ್ಮೊಳಗೆ ಕಾಗದ ಯಾಕೆ?" ಎಂದು ಎಲ್ಲರೂ ನಗುತ್ತಾರೆ.

ಆ ಮಗ ತಂದೆಗಿಂತ ಮೊದಲೇ ತೀರಿಕೊಂಡರೆ? ಮಕ್ಕಳಿರುವ ಮಗನ ಆಸ್ತಿಯಲ್ಲಿ ಶರೀಅತ್ ಪ್ರಕಾರ ತಂದೆಗೆ ಆರನೇ ಒಂದು ಪಾಲು, ತಾಯಿಗೂ ಅಷ್ಟೇ. ನೆರೆಯ ಹಿಂದೂ ಕುಟುಂಬದಲ್ಲಾದರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಅಲ್ಲ. ಪತ್ನಿ ಮಕ್ಕಳಿದ್ದಾಗ, ಉಯಿಲೂ ಇಲ್ಲದಿದ್ದರೆ, ಅವರಿಗೆ ಏನೂ ಬರುವುದಿಲ್ಲ. ತನ್ನ ಜಮೀನು ಮಾರಿ ಕೊಂಡ ಮನೆಯಲ್ಲಿ ಅವರು ಅತಿಥಿ! ತಂದೆಯ ಹೆಸರಿನಲ್ಲೇ ಕೊಂಡರೂ ಅನ್ಯಾಯ ತಪ್ಪದು. ಇಪ್ಪತ್ತು ವರ್ಷ ಕಂತು ಕಟ್ಟಿದ ಮಗ, ಒಂದು ಕಂತನ್ನೂ ಕಟ್ಟದ ತಮ್ಮನ ಸಮಕ್ಕೆ ನಿಲ್ಲುತ್ತಾನೆ. ಆತ ಬೇಸರಪಟ್ಟರೆ ದುರಾಸೆಯವನೆನಿಸಿಕೊಳ್ಳುತ್ತಾನೆ. ಸೊಸೆಯ ಚಿನ್ನದ ಮಾತಂತೂ ಎರಡೂ ಕಡೆ ಬರುವುದಿಲ್ಲ. ಮಹರ್ ಅವಳ ಸ್ವಂತದ್ದೆಂದು ಭಾಷಣ ಮಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಬರೆದಿಡುವುದು ಅಪನಂಬಿಕೆ ಎನ್ನುವವರು ಒಂದನ್ನು ಗಮನಿಸಬೇಕು. ಕುರ್‌ಆನಿನ ಅತಿ ದೀರ್ಘ ವಚನ ಸಾಲವನ್ನು ಸಾಕ್ಷಿಗಳೊಂದಿಗೆ ಬರೆದಿಡುವ ಬಗ್ಗೆ ಇದೆ. ಅದು ಸಂಬೋಧಿಸುವುದು ವಿಶ್ವಾಸಿಗಳನ್ನೇ ಹೊರತು ಮೋಸಗಾರರನ್ನಲ್ಲ. ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದೂ ಅಲ್ಲಿದೆ.

ಕಾಗದದಿಂದ ಪ್ರೀತಿ ಹುಟ್ಟುವುದಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಕಾಗದವಿಲ್ಲದಾಗ ನಷ್ಟವಾಗುವುದು ಸಾಮಾನ್ಯವಾಗಿ ಬಾಯಿಲ್ಲದವರಿಗೆ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಮರಳಿ ಪಡೆಯಲು ದಾರಿ ಮಾಡಿಕೊಟ್ಟಿದೆ, ನಿಜ. ಆದರೆ ಮನೆಯನ್ನು ಬರೆದುಕೊಡದೆ, ಅದರ ಖರೀದಿಗೆ ಕೈಯಲ್ಲಿ ಹಣವಿತ್ತ ತಾಯಿಗೆ ಆ ದಾರಿ ಅಷ್ಟು ಸಲೀಸಲ್ಲ. ಕ್ರಯಪತ್ರದಲ್ಲೇ ಎಲ್ಲರ ಹೆಸರು, ಯಾರ ಪಾಲು ಎಷ್ಟೆಂಬ ಒಂದು ಸಾಲು ಇದ್ದರೆ ಅಷ್ಟು ದೂರ ಹೋಗಬೇಕಿಲ್ಲ.

ಇದನ್ನು ನೋಂದಣಿಗೆ ಮೊದಲೇ ಮಾತಾಡಬೇಕು, ಅದೂ ಗಂಡಸರು ಮಾತ್ರ ಹೊರಜಗಲಿಯಲ್ಲಿ ಕುಳಿತಲ್ಲ. ಬಳೆ ಎಷ್ಟು ತೂಕವಿತ್ತು ಎಂಬುದು ಅಡುಗೆಮನೆಯಲ್ಲಿರುವವರಿಗಷ್ಟೇ ನೆನಪಿರುತ್ತದೆ.