ಬೆಂಜಿನ ಮನೆ

ನಮ್ಮ ಮನೆಗೆ ಬೆಂಜಿನ ಮನೆಯೆಂದು ಹೆಸರು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಳಬರನ್ನು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹೆಸರು ಕೇಳಿಕೊಂಡು ಬಂದ ಹೊಸಬರು ಮೊದಲು ಅಂಗಳದ ಕಡೆಗೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಅವರಿಗೆ ಕಾಣುವುದು ನನ್ನ ಹಳೆಯ ಸ್ಕೂಟರು ಮತ್ತು ಒಣಹಾಕಿದ ಬಟ್ಟೆ. ಅವರ ಮುಖದಲ್ಲಿ ಆಗ ಮೂಡುವ ನಿರಾಶೆಯನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿದೆ. ‘ಬೆಂಜ್ ಅಂದರೆ ಕಾರಲ್ಲ ಸ್ವಾಮಿ, ಲಾರಿ’ ಎಂದು ಹೇಳಿ ಒಳಗೆ ಕರೆಯುತ್ತೇನೆ.

ಈಗಿನವರಿಗೆ ಇದು ತಮಾಷೆಯಾಗಿ ಕೇಳಿಸಬಹುದು. ಆದರೆ ನನ್ನ ವಯಸ್ಸಿನ ಮಲೆನಾಡಿನವರಿಗೆ ಆ ಮೂರು ಮೊನೆಯ ನಕ್ಷತ್ರ ಮೊದಲು ಕಂಡದ್ದು ಶ್ರೀಮಂತರ ಕಾರಿನ ಮೂತಿಯ ಮೇಲಲ್ಲ. ನಾಟಾ, ಅಡಿಕೆ, ಕಬ್ಬಿಣ ಹೇರಿಕೊಂಡು ಏದುಸಿರು ಬಿಡುತ್ತ ಘಾಟಿ ಹತ್ತುವ ಲಾರಿಯ ಮುಂಭಾಗದಲ್ಲಿ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು, ನಕ್ಷತ್ರ ಹೋಗಿ ಟಾಟಾದವರ ಗುರುತು ಬಂತು. ಜನರ ಬಾಯಲ್ಲಿ ಮಾತ್ರ ಎಷ್ಟೋ ವರ್ಷ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು. ನಮ್ಮ ಅಪ್ಪ ಸಾಲ ಮಾಡಿ ಅಂಥದೊಂದು ಲಾರಿ ತಂದದ್ದು 1965ರಲ್ಲಿ. ಅಂದಿನಿಂದ ಅವರು ಬೆಂಜಿನ ಸಾಹುಕಾರರು, ನಾವು ಬೆಂಜಿನ ಮನೆಯವರು.

ಹೆಸರೆಂಬುದು ಎಷ್ಟು ಉಪಯೋಗದ ವಸ್ತುವೆಂದು ನನಗೆ ಚೆನ್ನಾಗಿ ಗೊತ್ತು. ಅಡಿಕೆ ಮಂಡಿಯಲ್ಲಿ ಅಪ್ಪನ ಮಾತಿಗೆ ಕಾಗದ ಬೇಕಿರಲಿಲ್ಲ. ನನ್ನ ಮದುವೆಯ ಮಾತುಕತೆ ಅರ್ಧ ಗಂಟೆಯಲ್ಲಿ ಮುಗಿದದ್ದು ನನ್ನ ರೂಪದಿಂದಲ್ಲ. 1998ರಲ್ಲಿ ಅಪ್ಪ ತೀರಿಕೊಂಡ ಮೇಲೂ, ಗಾಂಧಿ ಬಜಾರಿನ ಅಂಗಡಿಗಳಲ್ಲಿ ‘ಬೆಂಜಿನ ಮನೆಯವರಾ? ದುಡ್ಡು ಆಮೇಲೆ ಕೊಡಿ’ ಎನ್ನುವವರಿದ್ದರು. ಲಾರಿ ಗುಜರಿಗೆ ಹೋಗಿ ಕಾಲವಾಗಿತ್ತು. ಹೆಸರು ಮಾತ್ರ ದುಡಿಯುತ್ತಲೇ ಇತ್ತು.

2022ರ ಕೊನೆಯಲ್ಲಿ ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ಮನೆಯ ಕಥೆ’ ಬರೆದುಕೊಂಡು ಬರಲು ಹೇಳಿದರು. ‘ತಾತ, ಬೆಂಜ್ ಅಂದ್ರೆ ಯಾರು?’ ಎಂದು ಅವಳು ಕೇಳಿದಳು. ಅರವತ್ತು ದಾಟಿದರೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಎರಡು ಕೆಲಸ ಒಟ್ಟಿಗೆ ಶುರುಮಾಡಿದೆ. ಒಂದು, ಆ ಕಂಪನಿಯ ಚರಿತ್ರೆ ಓದುವುದು. ಎರಡು, ಅಟ್ಟದ ಮೇಲಿದ್ದ ಅಪ್ಪನ ಲೆಕ್ಕದ ಪುಸ್ತಕಗಳನ್ನು ಕೆಳಗಿಳಿಸುವುದು. ಎರಡನ್ನೂ ಮಾಡಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿದ್ದುಂಟು.

ಕಂಪನಿಯ ಕಥೆ ಚೆನ್ನಾಗಿಯೇ ಆರಂಭವಾಗುತ್ತದೆ. ಕಾರ್ಲ್ ಬೆಂಜ್ ಎಂಬಾತ 1886ರ ಜನವರಿ 29ರಂದು ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ. ಆದರೆ ಬಂಡಿಯನ್ನು ಕೊಳ್ಳುವವರಿರಲಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ಟಾ, ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮಿನ ತವರಿಗೆ ಅದನ್ನು ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡು ಹಾಕಿದಳು. ಬಂಡಿಯ ಮೇಲೆ ಜನಕ್ಕೆ ನಂಬಿಕೆ ಹುಟ್ಟಿಸಿದವಳು ಅವಳು. ಅದೇ ಕಾಲದಲ್ಲಿ ಬೇರೆಡೆ ಗಾಟ್ಲೀಬ್ ಡೈಮ್ಲರ್ ಎಂಬಾತನೂ ಮೋಟಾರು ಬಂಡಿ ಮಾಡುತ್ತಿದ್ದ. ಈ ಇಬ್ಬರ ಕಂಪನಿಗಳು ಒಂದಾದದ್ದು 1926ರಲ್ಲಿ.

ಇನ್ನು ಮರ್ಸಿಡಿಸ್ ಎಂಬುದು ಒಂದು ಹುಡುಗಿಯ ಹೆಸರು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ತನ್ನ ಮಗಳ ಹೆಸರನ್ನು ಕಾರಿಗೆ ಇಡಿಸಿದ. ಕಾರು ಗೆದ್ದಿತು, ಹೆಸರಾಯಿತು. 1903ರಲ್ಲಿ ಈತ ಆ ಹೆಸರನ್ನು ತನ್ನ ಹೆಸರಿಗೇ ಜೋಡಿಸಿಕೊಂಡು ಯೆಲ್ಲಿನೆಕ್-ಮರ್ಸಿಡಿಸ್ ಆದ! ಇದನ್ನು ಓದಿ ನನಗೆ ಬಲು ಸಂತೋಷವಾಯಿತು. ಗಾಡಿಯಿಂದ ಹೆಸರು ಪಡೆದ ಮನೆತನ ನಮ್ಮದೊಂದೇ ಅಲ್ಲ ಎಂದುಕೊಂಡೆ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಈ ಯೆಲ್ಲಿನೆಕ್, ವಿಯೆನ್ನಾದ ಯೆಹೂದಿ ಧರ್ಮಗುರುವೊಬ್ಬರ ಮಗ. ಅವನು 1918ರಲ್ಲಿ ತೀರಿಕೊಂಡ. ಮುಂದೆ ಹಿಟ್ಲರ್ ಮೆರವಣಿಗೆ ಹೊರಟದ್ದು ಅವನ ಮಗಳ ಹೆಸರಿನ ಕಾರಿನಲ್ಲಿ. ಯುದ್ಧ ಬಂತು. ಡೈಮ್ಲರ್-ಬೆಂಜ್ ಕಾರ್ಖಾನೆಗಳು ವಿಮಾನದ ಎಂಜಿನ್, ಸೈನ್ಯದ ಲಾರಿ ತಯಾರಿಸಿದವು. 1944ರಲ್ಲಿ ಆ ಕಂಪನಿಯಲ್ಲಿದ್ದ ಕೆಲಸಗಾರರು 63,610 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆಕ್ರಮಿತ ದೇಶಗಳಿಂದ ಹಿಡಿದು ತಂದವರು, ಯುದ್ಧಕೈದಿಗಳು, ಯಾತನಾ ಶಿಬಿರದ ಬಂದಿಗಳು. ಇದನ್ನು ಕಂಪನಿಯೇ ಈಗ ತನ್ನ ಚರಿತ್ರೆಯಲ್ಲಿ ಬರೆದುಕೊಂಡಿದೆ. ಆದರೆ ಬರೆಯಲು ಬಹಳ ಕಾಲ ಹಿಡಿಯಿತು. ಯುದ್ಧ ಮುಗಿದು ನಾಲ್ಕು ದಶಕವಾದ ಮೇಲೆ, 1986ರಲ್ಲಿ ಕಾರಿನ ಶತಮಾನೋತ್ಸವದ ಹೊತ್ತಿನಲ್ಲಿ ಪ್ರಶ್ನೆಗಳೆದ್ದವು. 1988ರಲ್ಲಿ ಕಂಪನಿ ಎರಡು ಕೋಟಿ ಮಾರ್ಕ್ ಪರಿಹಾರವಾಗಿ ಕೊಟ್ಟಿತು. 2000ದಲ್ಲಿ ಜರ್ಮನಿಯ ಸರ್ಕಾರವೂ ಉದ್ಯಮಗಳೂ ಸೇರಿ ಸಾವಿರ ಕೋಟಿ ಮಾರ್ಕಿನ ನಿಧಿ ಕಟ್ಟಿದವು. ಅದಕ್ಕೆ ಮುಂದೆ ಬಂದ ಉದ್ಯಮಗಳಲ್ಲಿ ಇದೂ ಒಂದು. 2007ರ ಹೊತ್ತಿಗೆ ಬದುಕಿದ್ದ ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿಗೆ ಆ ಹಣ ತಲುಪಿತು. ಕಾದು ಕಾದು ಸತ್ತವರ ಲೆಕ್ಕ ಬೇರೆ.

ಇಷ್ಟು ಓದಿದ ವಾರದಲ್ಲೇ ಅಪ್ಪನ 1972ರ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಅಪ್ಪನದು ಮುತ್ತು ಪೋಣಿಸಿದಂಥ ಅಕ್ಷರ. ಡೀಸೆಲ್, ಟೈರು, ಡ್ರೈವರ್ ಬತ್ತೆ, ದೇವಸ್ಥಾನದ ಕಾಣಿಕೆ. ನಡುವೆ, ಆ ವರ್ಷದ ಮಳೆಗಾಲದ ಒಂದು ದಿನ, ಹೀಗೊಂದು ಸಾಲು: ‘ಗಾಡಿಗೆ ಸಿಕ್ಕ ದಾರಿಹೋಕನ ಆಸ್ಪತ್ರೆ ಖರ್ಚು, ಧರ್ಮಾರ್ಥ, ರೂ. 340.’

ಆ ದಾರಿಹೋಕ ಯಾರೆಂದು ನನಗೆ ಗೊತ್ತಿತ್ತು. ಆಗ ನನಗೆ ಹದಿಮೂರು ವರ್ಷ. ಭದ್ರಾವತಿಯಿಂದ ಕಬ್ಬಿಣದ ಸರಳು ತುಂಬಿಕೊಂಡು ಕುಂದಾಪುರಕ್ಕೆ ಹೊರಟ ನಮ್ಮ ಲಾರಿ ಹುಲಿಕಲ್ ಘಾಟಿಯಲ್ಲಿ ಕೆಟ್ಟು ನಿಂತಿತ್ತು. ಗಾಲಿಗೆ ಕಲ್ಲು ಕೊಡಲು ಇಳಿದ ಕ್ಲೀನರ್ ಹುಡುಗನ ಮೇಲೆ ಲಾರಿ ಜಾರಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಹುಡುಗ ಭದ್ರಾವತಿಯವನು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ನಮ್ಮ ಹಿತ್ತಲ ಜಗಲಿಯಲ್ಲಿ ಅವನು ಊಟ ಮಾಡುತ್ತಿದ್ದ ತಟ್ಟೆಯಿತ್ತು. ಲಾರಿಯ ನಕ್ಷತ್ರವನ್ನು ಬೂದಿ ಹಚ್ಚಿ ಉಜ್ಜಿ ಹೊಳೆಯಿಸುವ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದ. ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶದಲ್ಲಿ 1923ರಿಂದ ಇದೆ. ಆದರೆ ದಾರಿಹೋಕನಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ‘ಯಾರಾದ್ರೂ ಕೇಳಿದ್ರೆ, ಅವನು ದಾರೀಲಿ ಹತ್ತಿಕೊಂಡವನು ಅನ್ನಿ’ ಎಂದು ಅಪ್ಪ ಮನೆಯವರಿಗೆಲ್ಲ ಹೇಳಿದ್ದು ನನಗೆ ನೆನಪಿದೆ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಐವತ್ತು ವರ್ಷ ಹಾಗೆಯೇ ಕಳೆದುಹೋಯಿತು.

ಪುಸ್ತಕವನ್ನು ತಮ್ಮನಿಗೆ ತೋರಿಸಿದೆ. ಅವನು ವ್ಯವಹಾರಸ್ಥ. ‘ಅಣ್ಣಾ, ಆಗಿನ ಕಾಲದಲ್ಲಿ ಲಾರಿ ಇಟ್ಟವರೆಲ್ಲ ಹಾಗೇ ಮಾಡ್ತಿದ್ರು. ಸಾಲದ ಲಾರಿ, ಪರಿಹಾರ ಕಟ್ಟಿದ್ದರೆ ನಾವೇ ಬೀದಿಗೆ ಬರ್ತಿದ್ವಿ. ಅಪ್ಪ ಮಾಡಿದ್ದಕ್ಕೆ ನಾವೇನು ಮಾಡೋಕಾಗುತ್ತೆ? ಸತ್ತವರ ಹೆಸರಿಗೆ ಮಸಿ ಬಳೀಬೇಡ’ ಎಂದ.

ಅವನ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅಪ್ಪ ಕೆಟ್ಟವರಾಗಿರಲಿಲ್ಲ. ಕೊಡುಗೈಯವರು. ಎಷ್ಟೋ ಹುಡುಗರಿಗೆ ಫೀಸು ಕಟ್ಟಿದವರು. ಅವರ ತಪ್ಪಿಗೆ ಮಗನಾದ ನಾನು ಅಪರಾಧಿಯೇ? ಅಲ್ಲವೆಂದೇ ನನ್ನ ನಂಬಿಕೆ. ನಮ್ಮ ಹಳೆಯ ಧರ್ಮಶಾಸ್ತ್ರವೂ ಇದನ್ನು ಯೋಚಿಸಿದೆ. ತಂದೆಯ ಸಾಲ ತೀರಿಸುವುದು ಮಗನ ಕರ್ತವ್ಯವೆಂದ ಯಾಜ್ಞವಲ್ಕ್ಯ ಸ್ಮೃತಿಯೇ, ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲವನ್ನೂ ಕಟ್ಟದೆ ಉಳಿಸಿದ ದಂಡವನ್ನೂ ಮಗ ತೆರಬೇಕಿಲ್ಲ ಎನ್ನುತ್ತದೆ. ಮಗನೆಂಬ ಕಾರಣಕ್ಕೇ ಸಾಲದ ಹೊಣೆ ಹೊರಿಸುವ ಪದ್ಧತಿಯನ್ನು 2005ರ ತಿದ್ದುಪಡಿ ಕಾನೂನಿನಿಂದಲೇ ತೆಗೆದುಹಾಕಿತು. ಒಬ್ಬರ ದಂಡ ಇನ್ನೊಬ್ಬರ ಬೆನ್ನಿಗೆ ಬೀಳಬಾರದು. ಇದು ಸರಿಯಾದ ಮಾತು.

ಆದರೆ ದಂಡ ಬೇರೆ, ಸಾಲ ಬೇರೆ. ಕುಡಿದ ತಂದೆಯ ಹಣ ಹೆಂಡದಂಗಡಿಗೆ ಹೋಯಿತು, ಮಗನಿಗೆ ಅದರಲ್ಲಿ ಏನೂ ಸಿಗಲಿಲ್ಲ. ಆದ್ದರಿಂದಲೇ ಅವನಿಗೆ ರಿಯಾಯಿತಿ ಇರಬೇಕು. ನಮ್ಮ ಮನೆಯ ಸಂಗತಿ ಹಾಗಲ್ಲ. ಆ ಹುಡುಗನಿಗೆ ಕೊಡದೆ ಉಳಿಸಿದ ಹಣ ಎಲ್ಲಿಯೂ ಹೋಗಲಿಲ್ಲ. ಅದು ಲಾರಿಯ ಕಂತಾಯಿತು, ಈ ಮನೆಯ ತಾರಸಿಯಾಯಿತು, ನನ್ನ ಕಾಲೇಜಿನ ಫೀಸಾಯಿತು. ಅದೇ ಸಾಲದಲ್ಲಿ ‘ಧರ್ಮಾರ್ಥ’ ಎಂಬ ಶಬ್ದವೂ ಇದೆಯಲ್ಲ! ಕೊಡದೆ ಉಳಿಸಿದ್ದೂ ಅಲ್ಲದೆ, ಕೊಟ್ಟ ಮುನ್ನೂರ ನಲವತ್ತು ರೂಪಾಯಿಗೆ ಪುಣ್ಯವನ್ನೂ ಬರೆದುಕೊಂಡಿದ್ದೆವು.

ಕಂಪನಿಯ ವಿಷಯವೂ ಹೀಗೆಯೇ. 1944ರಲ್ಲಿ ಅದನ್ನು ನಡೆಸಿದವರು ಯಾರೂ ಇಂದಿಲ್ಲ. ಇಂದು ಅಲ್ಲಿ ಕೆಲಸ ಮಾಡುವ ಹುಡುಗನಿಗೂ ಆ ಶಿಬಿರಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಹಾಗಾದರೆ 1886ಕ್ಕೂ ಅವನಿಗೂ ಏನು ಸಂಬಂಧ? ಬರ್ಟಾ ಬೆಂಜಳ ಧೈರ್ಯ ನಮ್ಮದು, ಮೊದಲ ಮೋಟಾರು ಬಂಡಿ ನಮ್ಮದು ಎಂದು ಹೇಳಿ ಕಾರಿಗೆ ಹೆಚ್ಚು ಬೆಲೆ ಕಟ್ಟುವ ಸಂಸ್ಥೆ, ಪುಸ್ತಕದ ಆ ಒಂದು ಪುಟವನ್ನು ಮಾತ್ರ ಬೇರೆ ಯಾರದೋ ಎನ್ನಲಾಗದು. ಕೀರ್ತಿಗೆ ವಾರಸುದಾರನಾದವನು ಬಾಕಿಗೂ ವಾರಸುದಾರ. ಬಾಕಿ ಬೇಡವೆಂದರೆ ಕೀರ್ತಿಯನ್ನೂ ಬಿಡಬೇಕು. ಒಂದು ಸಲ ತೀರಿಸಿದರೆ ಮುಗಿಯಿತೆಂದೂ ಅಲ್ಲ. ಇದೇ ಕಂಪನಿ 2020ರಲ್ಲಿ, ಡೀಸೆಲ್ ಕಾರುಗಳ ಹೊಗೆಯ ವಿಷಯದಲ್ಲಿ ಅಮೆರಿಕದ ಸರ್ಕಾರಕ್ಕೆ ಸುಮಾರು 150 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಒಳ್ಳೆಯ ಹೆಸರು ಮನುಷ್ಯನನ್ನು ತಪ್ಪಿನಿಂದ ಕಾಯುವುದಿಲ್ಲ. ಎಷ್ಟೋ ಸಲ ತಪ್ಪನ್ನು ಮುಚ್ಚುವ ಕಂಬಳಿಯಾಗುತ್ತದೆ, ಅಷ್ಟೆ.

2023ರ ಮಾರ್ಚ್‌ನಲ್ಲಿ ಭದ್ರಾವತಿಗೆ ಹೋದೆ. ಆಗ ಊರಿಗೆ ಊರೇ ಕಳವಳದಲ್ಲಿತ್ತು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಾಗಿ ಉತ್ಪಾದನೆ ಆರಂಭಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ನೂರು ವರ್ಷ ತುಂಬಿದ ಅದೇ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತಿದ್ದರು. ನಾನು ಹುಡುಕಿಕೊಂಡು ಹೋದವನ ಮಗನೂ ಅಲ್ಲಿದ್ದ. ‘ಬೆಂಜಣ್ಣನ ಮನೇನಾ? ಬನ್ನಿ, ನಮ್ಮಪ್ಪನೇ’ ಎಂದ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆ ಬೀದಿಯಲ್ಲಿ ಅವನನ್ನು ಎಲ್ಲರೂ ಬೆಂಜಣ್ಣ ಎಂದೇ ಕರೆಯುತ್ತಾರಂತೆ. ಒಂದೇ ಲಾರಿ ಎರಡು ಮನೆಗಳಿಗೆ ಹೆಸರು ಕೊಟ್ಟಿತ್ತು. ನಮ್ಮ ಹೆಸರಿಗೆ ಮಂಡಿಯಲ್ಲಿ ಸಾಲ ಹುಟ್ಟುತ್ತಿತ್ತು. ಅವನು ಅದೇ ಹೆಸರಿಟ್ಟುಕೊಂಡು ಬಸ್ ನಿಲ್ದಾಣದ ಹತ್ತಿರ ಸೈಕಲ್ ಪಂಕ್ಚರ್ ಹಾಕುತ್ತ ಮೂರು ಮಕ್ಕಳನ್ನು ಸಾಕಿದ್ದ.

ಬೆಂಜಣ್ಣ ನನ್ನ ಗುರುತು ಹಿಡಿದ. ‘ಸಣ್ಣ ಸಾವ್ಕಾರ್ರು! ಕೂತ್ಕಳಿ’ ಎಂದು ತಾನೇ ಊರುಗೋಲು ಹಿಡಿದು ಎದ್ದು ಕುರ್ಚಿ ಎಳೆದ. ನಾನು ಪುಸ್ತಕದ ಆ ಪುಟ ತೆಗೆದು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಾರಿಹೋಕ ಅಂತ ಬರೆದವ್ರಾ?’ ಎಂದು ಕೇಳಿದ. ‘ಹೂಂ’ ಎಂದೆ. ‘ಕಾಲು ಹೋಗಿದ್ದು ಗಾಡಿಯಿಂದ, ಅದು ಯಾರ ಕೈಲೂ ಇರಲಿಲ್ಲ ಬಿಡಿ’ ಎಂದವನು ಮತ್ತೆ ಮಾತಾಡಲಿಲ್ಲ. ಮಾತಾಡದೆ ಉಳಿದ ಅರ್ಧವೇ ನನಗೆ ಕೇಳಿಸಿತು.

ನಾನು ತೆಗೆದುಕೊಂಡು ಹೋಗಿದ್ದ ಲಕೋಟೆಯನ್ನು ಮುಂದಿಟ್ಟೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಧರ್ಮಾರ್ಥದ ಖಾತೆಗೇ ಸೇರುತ್ತದೆ. ಕಥೆಗಳಲ್ಲಿ ಬಡವರು ಇಂಥ ಹೊತ್ತಿನಲ್ಲಿ ‘ಬೇಡ ಸ್ವಾಮಿ, ನಿಮ್ಮ ಮಾತೇ ಸಾಕು’ ಎಂದುಬಿಡುತ್ತಾರೆ. ಬೆಂಜಣ್ಣ ಹಾಗೆನ್ನಲಿಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಎಣಿಸಿದ. ಎಣಿಸಿ, ‘ಐವತ್ತು ವರ್ಷದ ಬಡ್ಡಿ ಹಿಡಿದಿಲ್ಲ ಅನ್ಸುತ್ತೆ’ ಎಂದು ನಕ್ಕ. ತಮಾಷೆಗೆ ಹೇಳಿದನೋ ನಿಜವಾಗಿಯೋ ಗೊತ್ತಾಗಲಿಲ್ಲ. ಯಾವುದಾದರೂ ಮಾತು ನಿಜವೇ.

ಮನೆಗೆ ಬಂದು ಲೆಕ್ಕದ ಪುಸ್ತಕದಲ್ಲಿ ‘ದಾರಿಹೋಕ’ ಎಂಬುದನ್ನು ಹೊಡೆದುಹಾಕದೆ, ಅದರ ಕೆಳಗೆ ಅವನ ಹೆಸರು ಬರೆದು, ‘ನಮ್ಮ ಲಾರಿಯ ಕ್ಲೀನರ್’ ಎಂದು ಸೇರಿಸಿದೆ. ಅಪ್ಪನ ಅಕ್ಷರದ ಪಕ್ಕದಲ್ಲಿ ನನ್ನದು ಕಾಗೆಕಾಲಿನಂತೆ ಕಾಣುತ್ತದೆ. ತಮ್ಮ ಕೆಲವು ತಿಂಗಳು ಮಾತು ಬಿಟ್ಟಿದ್ದ. ಈಗ ಬರುತ್ತಾನೆ, ಆ ವಿಷಯ ಮಾತ್ರ ಎತ್ತುವುದಿಲ್ಲ. ಮೊಮ್ಮಗಳು ಬರೆದ ಕಥೆಯಲ್ಲಿ ಬರ್ಟಾ ಬೆಂಜಳೂ ಇದ್ದಾಳೆ, ಬೆಂಜಣ್ಣನೂ ಇದ್ದಾನೆ. ಊರಿನವರು ನಮ್ಮ ಮನೆಯನ್ನು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ, ನಾನೂ ಓಗೊಡುತ್ತೇನೆ. ಹೆಸರನ್ನು ಬಿಡುವ ಮನಸ್ಸಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಭದ್ರಾವತಿಯ ಬಸ್ಸು ಹತ್ತುತ್ತೇನೆ. ಬಡ್ಡಿ ಇನ್ನೂ ತೀರಿಲ್ಲ.