ಬೋವಜನ ಕಣದಲ್ಲಿ ಕೇಳಿದ ಮಾತು

ವೇದಭಾಗ: ರೂತಳು, 3ನೆಯ ಅಧ್ಯಾಯ



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಈಗ ರಾಗಿಯ ಸುಗ್ಗಿಯ ಕಾಲವು. ಕೆಲವರು ತೆನೆಯನ್ನು ಕೊಯ್ದು ಮೆದೆ ಹಾಕಿದ್ದೀರಿ. ಕೆಲವರ ಒಕ್ಕಣೆಯು ಮುಗಿದಿದೆ. ಹಿಂದಿನ ಕಾಲದಂತೆ ನೆಲವನ್ನು ಸಗಣಿಯಿಂದ ಸಾರಿಸಿ, ಎತ್ತುಗಳಿಗೆ ರೋಣಗಲ್ಲು ಕಟ್ಟಿ ಒಕ್ಕುವವರು ಈಗ ವಿರಳ. ಡಾಂಬರು ರಸ್ತೆಯ ಮೇಲೆ ಹುಲ್ಲನ್ನು ಹರಡಿ, ಹೋಗಿ ಬರುವ ಬಸ್ಸುಗಳಿಂದ ಕೆಲಸ ಮಾಡಿಸಿಕೊಳ್ಳುವುದನ್ನು ನಾನೂ ಸೈಕಲ್ಲಿನಿಂದ ಇಳಿದು ದಾಟಿದ್ದೇನೆ. ಆದರೂ ರಾಶಿಯ ಪಕ್ಕದಲ್ಲಿ ಕಂಬಳಿ ಹೊದ್ದು, ಕಳ್ಳರಿಗೂ ಇಬ್ಬನಿಗೂ ಕಾವಲಾಗಿ ಮಲಗಿದ ರಾತ್ರಿಗಳು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಆದಕಾರಣ ಬೇತ್ಲೆಹೇಮಿನ ಬೋವಜನು ಜವೆಗೋಧಿಯ ರಾಶಿಯ ಬಳಿ ಯಾಕೆ ಮಲಗಿದನೆಂಬದನ್ನು ಪಟ್ಟಣದವರಿಗೆ ವಿವರಿಸಬೇಕಾಗುವಂತೆ ನಿಮಗೆ ವಿವರಿಸಬೇಕಾಗಿಲ್ಲ.

ಆ ರಾತ್ರಿ ಆ ಕಣದಲ್ಲಿ ಒಬ್ಬ ಹೆಂಗಸು ಒಬ್ಬ ಗಂಡಸನ್ನು, ನನ್ನನ್ನು ಮದುವೆಯಾಗುವಿಯಾ ಎಂದು ಕೇಳಿದಳು. ಆತನು ಅದನ್ನು ಸ್ವಲ್ಪವೂ ನಿರೀಕ್ಷಿಸಿರಲಿಲ್ಲ. ಈ ಸಂಗತಿಯನ್ನು ಕುರಿತು ಬರೆಯುವಂತೆ ನನ್ನನ್ನು ಪ್ರೇರಿಸಿದ್ದು ಕಳೆದ ಕ್ರಿಸ್ತಜಯಂತಿಯಲ್ಲಿ ನಡೆದ ಒಂದು ಘಟನೆ. ಅದರಲ್ಲಿ ಉಪದೇಶಿಯಾದ ನನ್ನ ತಪ್ಪೂ ಇದೆಯಾದದರಿಂದ ಅದನ್ನೇ ಮೊದಲು ಹೇಳುವೆನು.

ಮಾಗಡಿ ಕಡೆಯ ಒಂದು ಚಿಕ್ಕ ಸಭೆ; ಹೆಸರು ಬೇಡ. ಗೀತೆಗಳು ಮುಗಿದು ಮಕ್ಕಳಿಗೆ ಮಿಠಾಯಿ ಹಂಚುವ ಹೊತ್ತಿಗೆ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸದಲ್ಲಿರುವ ಒಬ್ಬ ಯೌವನಸ್ಥನು ಎದ್ದು ಮುಂದಕ್ಕೆ ಬಂದನು. ಒಳ್ಳೆಯ ಹುಡುಗ, ದುಶ್ಚಟವಿಲ್ಲದವನು. ಹಾಲೆ ಮರದಲ್ಲಿ ತಾನೇ ಕಡೆದು, ಕೆಂಪು ಅರಗಿನ ಬಣ್ಣ ಹಚ್ಚಿದ ಒಂದು ಪುಟ್ಟ ಡಬ್ಬಿಯನ್ನು ಜೇಬಿನಿಂದ ತೆಗೆದು, ಹೆಂಗಸರ ಸಾಲಿನಲ್ಲಿದ್ದ ಒಬ್ಬ ಹುಡುಗಿಯ ಮುಂದೆ ಮೊಣಕಾಲೂರಿ, ಅದನ್ನು ತೆರೆದನು. ಒಳಗೆ ಉಂಗುರವಿತ್ತು. ಅವನ ಸ್ನೇಹಿತರು ನಾಲ್ಕು ಕಡೆಯಿಂದ ಮೊಬೈಲು ಹಿಡಿದು ನಿಂತಿದ್ದರು. ಹುಡುಗಿಯು ಒಂದು ಗಳಿಗೆ ನೆಲವನ್ನು ನೋಡಿ ಕೈ ಚಾಚಿದಳು. ಜನರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು. ಅಷ್ಟು ಸಾಲದೆಂಬಂತೆ ಅವರಿಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿದೆನು.

ಮೂರನೆಯ ದಿನ ಆ ಹುಡುಗಿಯು ತನ್ನ ತಾಯಿಯೊಡನೆ ನನ್ನ ಮನೆಯ ಬಾಗಲಿಗೆ ಬಂದಳು. ಉಂಗುರವನ್ನು ಡಬ್ಬಿಯೊಳಗಿಟ್ಟು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

"ಅಯ್ಯೋರೆ, ಅಷ್ಟು ಜನದ ಮುಂದೆ ಒಲ್ಲೆ ಅಂದಿದ್ದರೆ ಅವನ ಗತಿ ಏನಾಗ್ತಿತ್ತು? ನಮ್ಮಪ್ಪ ತಲೆ ಎತ್ತಿ ನಡೆಯೋಕಾಗ್ತಿತ್ತಾ? ಅದಕ್ಕೇ ಕೈ ನೀಡಿದೆ" ಅಂದಳು.

"ಅವನು ನಿನಗೆ ಒಪ್ಪಿಗೆಯಿಲ್ಲವೇನಮ್ಮ?" ಎಂದು ಕೇಳಿದೆನು.

"ಒಪ್ಪಿಗೆ ಇಲ್ಲ ಅಂತಲೂ ಅಲ್ಲ. ನನ್ನನ್ನ ಯಾರೂ ಕೇಳಲೇ ಇಲ್ಲ."

"ಅವನು ಮಂಡಿ ಊರಿ ಕೇಳಿದನಲ್ಲೇ!" ಎಂದು ತಾಯಿಯು ಗದರಿಸಿದಳು.

"ಅವನು ಕೇಳಿದ್ದು ಜನರನ್ನ, ಅವ್ವ" ಎಂದಳು ಹುಡುಗಿ.

ಪ್ರಿಯರೇ, ಆ ಉತ್ತರವು ಒಂದು ವರುಷದಿಂದ ನನ್ನೊಳಗೆ ಇದೆ. ವೇದಪಾಠಶಾಲೆಯಲ್ಲಿ ನಾನು ರೂತಳ ಪುಸ್ತಕವನ್ನು ಕಲಿತೆನು, ಅದರ ಪರೀಕ್ಷೆಯನ್ನೂ ಬರೆದೆನು. ಆದರೆ ಆ ಹುಡುಗಿಯು ಹೋದ ಮೇಲೆ ಮೂರನೆಯ ಅಧ್ಯಾಯವನ್ನು ತೆರೆದು ಓದಿದಾಗಲೇ ಅಲ್ಲಿರುವ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು.

ರೂತಳು ಯಾರು? ಮೋವಾಬ್ ದೇಶದವಳು, ಪರದೇಶಿ, ವಿಧವೆ, ಕೊಯ್ಯುವವರ ಹಿಂದೆ ಹಕ್ಕಲಾಯ್ದು ಅತ್ತೆಯನ್ನು ಸಾಕುವವಳು. ಬೋವಜನು ಹೊಲದ ಯಜಮಾನ, ಊರಲ್ಲಿ ಹೆಸರುಳ್ಳವನು. ಆಕೆಯು ಅತ್ತೆಯಾದ ನೊವೊಮಿಯ ಮಾತಿನಂತೆ ಸ್ನಾನಮಾಡಿ, ತೈಲ ಹಚ್ಚಿಕೊಂಡು, ಕತ್ತಲಲ್ಲಿ ಕಣಕ್ಕೆ ಹೋಗಿ, ಆತನ ಕಾಲ ಮೇಲಿನ ಹೊದಿಕೆಯನ್ನು ಸರಿಸಿ ಅಲ್ಲಿ ಮಲಗಿದಳು. ಮಧ್ಯರಾತ್ರಿಯಲ್ಲಿ ಆತನು ಬೆಚ್ಚಿಬಿದ್ದು, ನೀನು ಯಾರೆಂದು ಕೇಳಿದಾಗ, ಆಕೆಯು ತನ್ನ ಹೆಸರನ್ನು ಹೇಳಿ, ನಿನ್ನ ಹೊದಿಕೆಯ ಸೆರಗನ್ನು ನನ್ನ ಮೇಲೆ ಹರಡು ಎಂಬ ಅರ್ಥವುಳ್ಳ ಮಾತನ್ನಾಡಿದಳು. ಇಬ್ರಿಯ ಭಾಷೆಯಲ್ಲಿ ಸೆರಗಿಗೂ ಪಕ್ಷಿಯ ರೆಕ್ಕೆಗೂ ಒಂದೇ ಶಬ್ದವುಂಟು. ಹಿಂದಿನ ಅಧ್ಯಾಯದಲ್ಲಿ ಬೋವಜನು ಹೊಲದಲ್ಲಿ ನಿಂತು, ಇಸ್ರಾಯೇಲಿನ ದೇವರ ರೆಕ್ಕೆಗಳ ಕೆಳಗೆ ನೀನು ಆಶ್ರಯಕ್ಕೆ ಬಂದೆ ಎಂದು ಆಕೆಯನ್ನು ಹರಸಿದ್ದನು. ಅದೇ ಶಬ್ದವನ್ನು ಈಗ ರೂತಳು ಆತನ ಮುಂದಿಟ್ಟಳು. ಬಾಯಿಂದ ಹರಸಿದವನೇ, ಆ ರೆಕ್ಕೆಯು ನೀನೇ ಆಗಬಾರದೇಕೆ ಎಂದು ಕೇಳಿದಂತಾಯಿತು. ಇಂಥ ಜಾಣ್ಮೆಯ ಕೇಳಿಕೆಯು ವೇದದಲ್ಲಿ ಬೇರೆಲ್ಲಿ ಇದೆಯೋ ನಾನು ಕಾಣೆನು.

ಅನಿರೀಕ್ಷಿತವಾಗಿ ಕೇಳುವುದೇ ಪಾಪವೆಂದು ಹೇಳುವ ಹಿರಿಯರು ಇದನ್ನು ಗಮನಿಸಬೇಕು. ಹೆಣ್ಣು ತಾನಾಗಿ ಬಾಯಿಬಿಡಬಾರದೆಂಬವರೂ ಗಮನಿಸಬೇಕು. ಯಾಕಂದರೆ ಹೀಗೆ ಬಾಯಿಬಿಟ್ಟವಳ ಹೆಸರನ್ನು ಮತ್ತಾಯನು ನಮ್ಮ ಕರ್ತನ ವಂಶಾವಳಿಯಲ್ಲಿಯೇ ಬರೆದಿದ್ದಾನೆ.

ಆದರೆ ಆ ಕಣದಲ್ಲಿ ನೋಡುವವರು ಯಾರೂ ಇರಲಿಲ್ಲ. ಬೋವಜನು ಆಗದೆಂದು ಹೇಳಿದ್ದರೆ ರೂತಳು ಕತ್ತಲಲ್ಲೇ ಮನೆಗೆ ಹೋಗಬಹುದಾಗಿತ್ತು. ಬೇತ್ಲೆಹೇಮಿನಲ್ಲಿ ಒಂದು ನಾಯಿಗೂ ತಿಳಿಯುತ್ತಿರಲಿಲ್ಲ. ಆತನಿಗೂ ಹಾಗೆ ಹೇಳುವ ಬಿಡುವಿತ್ತು. ಆತನು ಆ ಬಿಡುವನ್ನು ಉಪಯೋಗಿಸಿಕೊಂಡನು ಕೂಡ. ತಕ್ಷಣವೇ ಒಪ್ಪಿಬಿಡದೆ, ನನಗಿಂತ ಹತ್ತಿರದ ಬಂಧುವು ಒಬ್ಬನಿದ್ದಾನೆ, ಅವನ ಹಕ್ಕನ್ನು ಮೊದಲು ವಿಚಾರಿಸಬೇಕು ಎಂದನು. ಬೆಳಕು ಹರಿದು ಒಬ್ಬರ ಗುರುತು ಒಬ್ಬರಿಗೆ ಸಿಕ್ಕುವ ಮೊದಲೇ ಆಕೆಯ ಹೊದಿಕೆಯಲ್ಲಿ ಆರು ಅಳತೆ ಜವೆಗೋಧಿಯನ್ನು ಸುರಿದು, ಬರಿಗೈಯಲ್ಲಿ ಅತ್ತೆಯ ಬಳಿಗೆ ಹೋಗಬೇಡವೆಂದು ಕಳುಹಿಸಿದನು. ಹೆಣ್ಣೊಬ್ಬಳು ಕಣಕ್ಕೆ ಬಂದಿದ್ದಳೆಂದು ಊರಿಗೆ ತಿಳಿಯಬಾರದೆಂದನು. ಆಮೇಲೆ, ಅದೇ ದಿನ, ಊರ ಬಾಗಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂಡಿಸಿ, ಆ ಬಂಧುವು ಕೆರವನ್ನು ಕಳಚಿ ಹಕ್ಕು ಬಿಡುವ ತನಕ ಕೂತು, ಎಲ್ಲರ ಸಾಕ್ಷಿಯಾಗಿ ರೂತಳನ್ನು ತನ್ನವಳನ್ನಾಗಿ ಮಾಡಿಕೊಂಡನು. ಕೇಳಿದ್ದು ಕತ್ತಲಲ್ಲಿ, ಸಾಕ್ಷಿಯು ಬೆಳಕಿನಲ್ಲಿ. ಕ್ರಿಸ್ತಜಯಂತಿಯ ರಾತ್ರಿಯಲ್ಲಿ ನಾವು ಸಾಕ್ಷಿಗಳನ್ನು ಮೊದಲು ಕೂಡಿಸಿ, ಆಮೇಲೆ ಕೇಳಿದೆವು.

ಸಾಕ್ಷಿಗಳನ್ನು ಮೊದಲು ಕೂಡಿಸುವ ಈ ಕ್ರಮಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. ರಾಮದೇವರ ಬೆಟ್ಟದ ಬಂಡೆಗಳ ಬುಡದಲ್ಲಿ 1973ರಲ್ಲಿ ಮುಂಬಯಿಯಿಂದ ಬಂದವರು ಒಂದು ಹಳ್ಳಿಯನ್ನೇ ನಿರ್ಮಿಸಿ ಶೋಲೆ ಎಂಬ ಹಿಂದಿ ಚಲಚ್ಚಿತ್ರವನ್ನು ತೆಗೆದರು. ಅದು 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ನಾನು ಸಿನಿಮಾ ನೋಡುವವರನ್ನು ಬೈಯುವವನಲ್ಲ, ಇದನ್ನು ನಾನೇ ಎರಡು ಸಾರಿ ನೋಡಿದ್ದೇನೆ. ಅದರಲ್ಲಿ ವೀರೂ ಎಂಬವನಿಗೆ ಬಸಂತಿಯೆಂಬ ಜಟಕಾ ಓಡಿಸುವ ಹುಡುಗಿಯ ಮೇಲೆ ಮನಸ್ಸು. ಅವಳ ಚಿಕ್ಕಮ್ಮನ ಬಳಿಗೆ ಸಂಬಂಧ ಕೇಳಲು ಹೋದ ಸ್ನೇಹಿತನು ವರನ ಕುಡಿತ, ಜೂಜುಗಳನ್ನೆಲ್ಲ ಹೊಗಳಿಕೆಯ ಧಾಟಿಯಲ್ಲಿ ಹೇಳಿ ಕೆಡಿಸಿಬಿಡುತ್ತಾನೆ. ಆಮೇಲೆ ವೀರೂ ಕುಡಿದು, ನೀರಿನ ಟ್ಯಾಂಕಿನ ತುದಿಗೆ ಹತ್ತಿ, ಮದುವೆಗೆ ಒಪ್ಪದಿದ್ದರೆ ಹಾರಿ ಸಾಯುವೆನೆಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ಕೆಳಗೆ ಜನರು ಕೂಡುತ್ತಾರೆ. ಚಿಕ್ಕಮ್ಮನು ಒಪ್ಪಲೇಬೇಕಾಗುತ್ತದೆ. ನೋಡುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗುವಂತೆಯೇ ತೆಗೆದಿದ್ದಾರೆ, ಅದರಲ್ಲಿ ದೋಷವಿಲ್ಲ. ಆದರೆ ನಗುವನ್ನು ಬದಿಗಿಟ್ಟು ಕೆಳಗೆ ನಿಂತ ಹೆಣ್ಣಿನ ಸ್ಥಾನದಲ್ಲಿ ನಿಮ್ಮ ಮಗಳನ್ನು ನಿಲ್ಲಿಸಿ ನೋಡಿರಿ. ಮೇಲೆ ಹತ್ತಿದವನ ಪ್ರಾಣದ ಹೊಣೆಯನ್ನು ಅವಳ ತಲೆಗೆ ಕಟ್ಟಿ, ಊರನ್ನು ಸುತ್ತಲೂ ನಿಲ್ಲಿಸಿ, ಈಗ ನಿನ್ನ ಇಷ್ಟವನ್ನು ಹೇಳು ಎಂದರೆ ಅವಳು ಏನು ಹೇಳಿಯಾಳು?

ನಮ್ಮ ಹುಡುಗನು ಸಾಯುವೆನೆಂದು ಬೆದರಿಸಲಿಲ್ಲ, ನಿಜ. ಆದರೂ ದಾಕ್ಷಿಣ್ಯವೆಂಬದು ಸಣ್ಣ ಹಗ್ಗವಲ್ಲ. ಹೆರೋದನು ಪಂಕ್ತಿಯಲ್ಲಿ ಕೂತವರ ದಾಕ್ಷಿಣ್ಯಕ್ಕಾಗಿ, ಮನಸ್ಸಿಲ್ಲದಿದ್ದರೂ, ಸ್ನಾನಿಕನಾದ ಯೋಹಾನನ ತಲೆಯನ್ನು ತರಿಸಿದನು. ಅರಸನೇ ಆ ಹಗ್ಗವನ್ನು ಹರಿಯಲಾರದೆ ಹೋದರೆ, ರೇಷ್ಮೆ ನೂಲು ಬಿಚ್ಚುವ ಕೂಲಿಗೆ ಹೋಗುವ ಇಪ್ಪತ್ತೆರಡು ವರುಷದ ಹುಡುಗಿ ಹರಿಯುವಳೋ? ದಾಕ್ಷಿಣ್ಯದ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಒಂದು ಒರಟು ಗಾದೆಯಿದೆ. ಈ ಪತ್ರಿಕೆಯಲ್ಲಿ ಅದನ್ನು ಬರೆಯುವುದು ತರವಲ್ಲ. ನಿಮಗೆಲ್ಲ ಗೊತ್ತೇ ಇದೆ.

ಯೌವನಸ್ಥರನ್ನು ಮಾತ್ರ ಗದರಿಸಿ ನಾನು ಕೂತುಕೊಂಡರೆ ಹಿರಿಯರಿಗೆ ಬಹಳ ಸಂತೋಷವಾದೀತು. ಆದರೆ ಸಹೋದರರೇ, ನಾವು ಹೆಣ್ಣು ಕೇಳಲು ಹೋಗುವ ರೀತಿಯೇನು? ಇಪ್ಪತ್ತು ಜನ ವ್ಯಾನಿನಲ್ಲಿ ಹೋಗಿ, ಉಪ್ಪಿಟ್ಟು ತಿಂದು ಕಾಫಿ ಕುಡಿದು, ಹುಡುಗಿಯನ್ನು ನಡುಮನೆಗೆ ಕರೆಸಿ, ಒಂದು ಕೀರ್ತನೆ ಹಾಡಿಸಿ, ಅಲ್ಲಿಯೇ ಎಲ್ಲರ ಎದುರಿಗೆ "ಏನಮ್ಮ, ಒಪ್ಪಿಗೆಯೇ?" ಎನ್ನುತ್ತೇವೆ. ಅವಳು ತಲೆ ತಗ್ಗಿಸಿದರೆ ಒಪ್ಪಿದಳೆಂದು ನಾವೇ ಅರ್ಥ ಹೇಳುತ್ತೇವೆ. ಆ ಹುಡುಗನು ಇದನ್ನೇ ನಮ್ಮಿಂದ ಕಲಿತು, ಉಪ್ಪಿಟ್ಟಿನ ಬದಲು ಉಂಗುರವಿಟ್ಟನು.

ಅಬ್ರಹಾಮನ ಸೇವಕನು ರೆಬೆಕ್ಕಳನ್ನು ಕೇಳಲು ಬಂದಾಗಲೂ ಬೆತೂವೇಲನೂ ಲಾಬಾನನೂ ರಾತ್ರಿಯೇ ಮಾತು ಕೊಟ್ಟುಬಿಟ್ಟರು, ಒಡವೆಗಳೂ ಕೈ ಸೇರಿದ್ದವು. ಮರುದಿನ ಸೇವಕನು ಹೊರಡಲು ಅವಸರಪಡಿಸಿದಾಗ, ಹುಡುಗಿಯನ್ನೇ ಕರೆದು ಅವಳ ಬಾಯಿಂದ ಕೇಳೋಣವೆಂದರು. ಅದು ಕೂಡಲೇ ಹೊರಡುವ ವಿಷಯ ಮಾತ್ರವೆಂದು ವ್ಯಾಖ್ಯಾನ ಹೇಳುವವರಿದ್ದಾರೆ, ಇರಬಹುದು. ಹಾಗಾದರೂ, ಹೋಗುವೆನು ಎಂಬ ಮಾತು ಅವಳ ಬಾಯಿಂದ ಬಂದ ಮೇಲೆಯೇ ಒಂಟೆಗಳು ಎದ್ದವು. ನಮ್ಮ ಮದುವೆಯ ಆರಾಧನೆಯಲ್ಲಿ ಅಯ್ಯನವರು ವರನನ್ನು ಬೇರೆ, ವಧುವನ್ನು ಬೇರೆ ಕೇಳುತ್ತಾರಲ್ಲಾ. ಅದಕ್ಕೂ ಮುಂಚೆ ಮೂರು ಆದಿತ್ಯವಾರ ಹೆಸರುಗಳನ್ನು ಓದಿ ಆಕ್ಷೇಪಣೆಯುಂಟೋ ಎಂದು ಸಭೆಯನ್ನು ಕೇಳುತ್ತಾರಲ್ಲಾ. ಅದನ್ನು ಬಾಯಿಪಾಠದಂತೆ ಕೇಳಿ ನಾವು ಕೆಮ್ಮುತ್ತಾ ಕೂತಿರುತ್ತೇವೆ.

ನಾನು ಆ ಉಂಗುರವನ್ನು ಡಬ್ಬಿಯ ಸಮೇತ ಹುಡುಗನಿಗೆ ಹಿಂದಕ್ಕೆ ಕೊಟ್ಟೆನು. ಆ ದಿನ ಅವನು ಆಡಿದ ಮಾತುಗಳನ್ನು ಬರೆಯುವುದಿಲ್ಲ. ಮೊಬೈಲಿನಲ್ಲಿ ತೆಗೆದದ್ದು ಅಷ್ಟರೊಳಗೆ ಅವನ ನೆಂಟರಿಗೆಲ್ಲ ಮುಟ್ಟಿತ್ತು. ಅವನ ತಾಯಿಯು ಈಸ್ಟರಿನ ತನಕ ಆರಾಧನೆಗೆ ಬರಲಿಲ್ಲ. ಬಂದಾಗಲೂ ನನ್ನ ಕಡೆಗೆ ನೋಡಲಿಲ್ಲ. ಮುಂದಿನ ಆದಿತ್ಯವಾರ ನಾನು ಸಭೆಯ ಮುಂದೆ ನಿಂತು, ಕೇಳದೆ ಪ್ರಾರ್ಥನೆ ಮಾಡಿದ್ದು ನನ್ನ ತಪ್ಪೆಂದು ಹೇಳಿದೆನು. ಹುಡುಗಿಯ ಹೆಸರನ್ನು ಎತ್ತಲಿಲ್ಲ.

ಈಗ ಎರಡು ತಿಂಗಳ ಕೆಳಗೆ, ರಾಗಿಯು ತೆನೆಗಟ್ಟುವ ಕಾಲದಲ್ಲಿ, ಆ ಹುಡುಗನು ಒಬ್ಬನೇ ರಾತ್ರಿ ಹೊತ್ತಿನಲ್ಲಿ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದನು. ಆಮೇಲೆ, "ಅಯ್ಯೋರೆ, ಇನ್ನೊಂದು ಸಾರಿ ಕೇಳಬಹುದಾ?" ಅಂದನು. ಕೇಳು ಮಗಾ, ಆದರೆ ಸ್ನೇಹಿತರನ್ನೂ ಮೊಬೈಲನ್ನೂ ಬಿಟ್ಟು ಹೋಗು, ಕೇಳಿದ ಮೇಲೆ ಉತ್ತರಕ್ಕೆ ಕಾದು ನಿಲ್ಲದೆ ಮನೆಗೆ ಬಂದುಬಿಡು ಎಂದೆನು. ಅವನು ಹಾಗೆಯೇ ಮಾಡಿದನಂತೆ. ಹುಡುಗಿಯು ತನ್ನ ತಮ್ಮನ ಕೈಯಲ್ಲಿ, ಒಕ್ಕಣೆ ಮುಗಿಯುವ ತನಕ ಸಮಯ ಬೇಕೆಂದು ಹೇಳಿ ಕಳುಹಿಸಿದ್ದಾಳೆ.

ಕಳೆದ ವಾರ ನಾನು ಆ ಊರಿಗೆ ಹೋಗಿದ್ದೆನು. ಅವರ ಮನೆಯ ರಾಗಿಯು ಇನ್ನೂ ಮೆದೆಯಲ್ಲಿಯೇ ಇದೆ.